ತಿಥಿ ನೋಡಿ ಗಾಳ ಹಾಕು

(ಕಾರವಾರದಲ್ಲಿ ನಿವೃತ್ತರ ತಿಂಗಳ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳೂ ಒಳಗೇ ಬಂದಿವೆ.)

ಎಲ್ಲರಿಗೂ ನಮಸ್ಕಾರ.

ಹೋದ ನವೆಂಬರ್‌ನಲ್ಲಿ ನಾನು ಬದುಕಿದ್ದೇನೆ ಅಂತ ತೋರಿಸಿ ಬರಲು ಹೋಗಿದ್ದೆ. ನಗಬೇಡಿ, ನೀವೂ ಹೋಗಿದ್ದೀರಿ. ಪಿಂಚಣಿ ಬೇಕಾದರೆ ವರ್ಷಕ್ಕೊಂದು ಸಲ ಜೀವಂತ ಪ್ರಮಾಣಪತ್ರ ಕೊಡಲೇಬೇಕಲ್ಲ. ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆರಳು ಇಟ್ಟೆ. ಒಪ್ಪಲಿಲ್ಲ. ತೋರುಬೆರಳು ಇಟ್ಟೆ. ಊಹೂಂ. ಕೌಂಟರಿನ ಹುಡುಗಿ ಬಟ್ಟೆಯಲ್ಲಿ ಒರೆಸಿ ಮತ್ತೆ ಇಡಿಸಿದಳು. ಆಮೇಲೆ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಅಂಕಲ್, ನೀವು ಏನು ಕೆಲಸ ಮಾಡ್ತೀರಿ? ಬೆರಳಲ್ಲಿ ಗೆರೆಯೇ ಇಲ್ಲ."

"ರಿಟೈರ್ಡ್ ಅಮ್ಮಾ" ಅಂದೆ.

ಮೂವತ್ತೈದು ವರ್ಷ ಸರಕಾರಿ ಕಚೇರಿಯಲ್ಲಿ ಫೈಲು ತಿರುಗಿಸಿದ ಬೆರಳು. ಆಗ ಒಂದು ಗೆರೆಯೂ ಸವೆದಿರಲಿಲ್ಲ. ನಿವೃತ್ತನಾಗಿ ಆರು ವರ್ಷದಲ್ಲಿ ತಂಗೂಸು, ಅಂದರೆ ಗಾಳ ಕಟ್ಟುವ ನೈಲಾನ್ ದಾರ, ಎಲ್ಲ ತಿಂದುಹಾಕಿದೆ. ಕೊನೆಗೆ ಕ್ಯಾಮೆರಾಕ್ಕೆ ಮುಖ ತೋರಿಸಿ, ಕಣ್ಣು ಪಿಳಿಪಿಳಿ ಮಾಡಿ, ಇನ್ನೊಂದು ವರ್ಷಕ್ಕೆ ಬದುಕಿಕೊಂಡೆ.

ಇದನ್ನು ನಮ್ಮ ಕಾರ್ಯದರ್ಶಿಗಳ ಹತ್ತಿರ ಹೇಳಿದ್ದೇ ತಪ್ಪಾಯಿತು. "ಅದನ್ನೇ ಸಭೆಯಲ್ಲಿ ಹೇಳಿ" ಅಂದರು. ವಿಷಯ ಏನು ಅಂತ ಹಾಕೋಣ ಅಂದಾಗ "ದಡದ ಗಾಳ" ಅಂದೆ. ಅವರು ಆಮಂತ್ರಣದಲ್ಲಿ "ನಿವೃತ್ತ ಜೀವನದ ಸದುಪಯೋಗ" ಅಂತ ಅಚ್ಚು ಹಾಕಿಸಿದ್ದಾರೆ. ಸದುಪಯೋಗದ ಬಗ್ಗೆ ನನ್ನ ಹತ್ತಿರ ಜಾಸ್ತಿ ಏನಿಲ್ಲ. ಗಾಳದ ಬಗ್ಗೆ ಇದೆ.

ನಾನು ಘಟ್ಟದ ಮೇಲಿನವನು, ಶಿರಸಿ ಕಡೆಯವನು. ಮೀನು ಹಿಡಿಯೋದು ಗೊತ್ತು ಅನ್ನೋ ಜಂಬ ಮೊದಲಿನಿಂದ ಇತ್ತು. ನಮ್ಮಲ್ಲಿ ಜೂನ್‌ನ ಮೊದಲ ಜಡಿಮಳೆ ಬಿದ್ದ ರಾತ್ರಿ ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ ಹತ್ತಿ, ಗದ್ದೆಗೆ ಬರುತ್ತದೆ. ಹತ್ಮೀನು ಅಂತೇವೆ. ಬಿದಿರಿನ ಕೂಣಿಯನ್ನು ನೀರು ಬೀಳುವ ಕಡೆ ಇಟ್ಟು, ಕಂಬಳಿಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಕೂತರೆ ಆಯಿತು. ಮೀನು ತಾನಾಗಿಯೇ ಬಂದು ಬೀಳುತ್ತದೆ. ಹಾಗೆ ಬಿದ್ದದ್ದೆಲ್ಲ ಮೊಟ್ಟೆ ತುಂಬಿದ ಬಸುರಿ ಮೀನು ಅಂತ ಆಗ ಯಾರಿಗೆ ಯೋಚನೆ? ಅದಿರಲಿ.

ನಿವೃತ್ತಿಯಾದ ಮೇಲೆ ಮಗ ಬೆಂಗಳೂರಿಗೆ ಕರೆದ. ಮೂರು ವಾರ ಇದ್ದೆವು. ಹತ್ತನೇ ಮಹಡಿ. ಲಿಫ್ಟಿನಲ್ಲಿ ಇಳಿದು, ಕಾಂಪೌಂಡಿಗೆ ನಾಲ್ಕು ಸುತ್ತು ಹಾಕಿ, ಮತ್ತೆ ಲಿಫ್ಟ್. ಊರಿನ ಮನೆ ಅಣ್ಣತಮ್ಮಂದಿರ ಪಾಲಿಗೆ ಹೋಗಿತ್ತು. ಕೊನೆಯ ಎಂಟು ವರ್ಷ ನಾನು ಕೆಲಸ ಮಾಡಿದ್ದು ಇದೇ ಕಾರವಾರದಲ್ಲಿ. ಕೋಡಿಬಾಗದಲ್ಲಿ ಬಾಡಿಗೆ ಮನೆ ಇತ್ತು, ಅದನ್ನೇ ಮುಂದುವರಿಸಿದೆವು.

ಮೊದಲ ಆರು ತಿಂಗಳ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ಬೆಳಗ್ಗೆ ಪೇಪರನ್ನು ಜಾಹೀರಾತು ಸಮೇತ ಓದುವುದು. ಹತ್ತು ಗಂಟೆಗೆ ಅಂಗಿ ಹಾಕಿಕೊಂಡು, ಹೋಗಲು ಎಲ್ಲಿಯೂ ಇಲ್ಲ ಅಂತ ನೆನಪಾಗಿ ತೆಗೆಯುವುದು. ಆಮೇಲೆ ಅಡುಗೆಮನೆಗೆ ಹೋಗಿ ಡಬ್ಬಗಳನ್ನು ಸರಿಯಾಗಿ ಜೋಡಿಸಿಲ್ಲ ಅನ್ನುವುದು. ಒಂದು ದಿನ ನನ್ನವಳು ಸೌಟು ಕೆಳಗಿಟ್ಟು ಹೇಳಿದಳು: "ನೋಡಿ, ನೀವು ರಿಟೈರ್ ಆಗಿದ್ದು. ನಾನು ಆಗಿಲ್ಲ. ನನ್ನ ಆಫೀಸಿಗೆ ಬರಬೇಡಿ."

ಮಾರನೇ ದಿನವೇ ಪೇಟೆಗೆ ಹೋಗಿ ರಾಡು, ರೀಲು ತಂದೆ. ಫೈಬರ್ ರಾಡು, ಎಂಟಡಿ. ಜೊತೆಗೆ ಹೊಳೆಯುವ ಪ್ಲಾಸ್ಟಿಕ್ ಮೀನುಗಳ ಒಂದು ಡಬ್ಬಿ. ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಇವತ್ತಿಗೂ ಸರಿಯಾಗಿ ಹೇಳಿಲ್ಲ, ಹಾಗಾಗಿ ಇಲ್ಲಿಯೂ ಹೇಳುವುದಿಲ್ಲ.

ಹನ್ನೊಂದು ದಿನ ಒಂದು ಮೀನೂ ಬೀಳಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಪ್ರಾಯದಲ್ಲಿ ರಂಪಣಿ ಬಲೆ ಎಳೆದವರು, ಆಮೇಲೆ ದೋಣಿಯಲ್ಲಿ ಹೋದವರು. ಈಗ ಎಂಬತ್ತರ ಹತ್ತಿರ. ಓಣಿಯವರೆಲ್ಲ ಮಾಮ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಹನ್ನೊಂದೂ ದಿನ ಅವರು ಜಗಲಿಯಲ್ಲಿ ಕೂತು ನನ್ನ ಖಾಲಿ ಚೀಲವನ್ನು ನೋಡಿದ್ದಾರೆ. ಒಂದು ಮಾತೂ ಆಡಿರಲಿಲ್ಲ. ಹನ್ನೆರಡನೆಯ ದಿನ ಕೇಳಿದರು.

"ಸಾಹೇಬ್ರೆ, ಇವತ್ತು ಯಾವ ತಿಥಿ?"

ನನಗೇನು ಗೊತ್ತು? ತಾರೀಕು ಹೇಳಿದೆ.

"ತಾರೀಕು ಪಗಾರಕ್ಕೆ. ಮೀನಿಗೆ ತಿಥಿ."

ಅಂದು ಅವರು ಕಲಿಸಿದ ಲೆಕ್ಕವನ್ನು ನಿಮಗೂ ಹೇಳಿಕೊಡುತ್ತೇನೆ, ಬರೆದುಕೊಳ್ಳಿ. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಬೇಕು. ಬಂದದ್ದೇ ಭರತಿಯ, ಅಂದರೆ ಕಡಲು ಪೂರ್ತಿ ಏರುವ, ಗಂಟೆ. ಚೌತಿ ಅಂದರೆ ನಾಲ್ಕು, ನಾಲ್ಕು ಮುಕ್ಕಾಲು ಮೂರು. ಮೂರು ಗಂಟೆಗೆ ನೀರು ತುಂಬಿರುತ್ತದೆ, ಹಗಲೂ ಮೂರಕ್ಕೆ, ರಾತ್ರಿಯೂ ಮೂರಕ್ಕೆ, ಸುಮಾರಾಗಿ. ಅಷ್ಟಮಿಗೆ ಆರು. ಹುಣ್ಣಿಮೆ, ಅಮಾವಾಸ್ಯೆ ಎರಡಕ್ಕೂ ಹದಿನೈದು ಅಂತ ಹಿಡಿದರೆ ಹನ್ನೊಂದೂಕಾಲು. ಭರತಿಯಿಂದ ಆರು ಗಂಟೆ ಚಿಲ್ಲರೆ ಆಚೆಗೆ ಇಳಿತ. ಮುಗಿಯಿತು. ಇಡೀ ಕರಾವಳಿಯ ಟೈಂಟೇಬಲ್ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೇ ಇದೆ. ನನ್ನವಳು ಸಂಕಷ್ಟಿ ಯಾವತ್ತು ಅಂತ ನೋಡಲು ತೂಗುಹಾಕಿದ್ದ ಕ್ಯಾಲೆಂಡರನ್ನು ಈಗ ಇಬ್ಬರೂ ನೋಡುತ್ತೇವೆ.

ನಾನು ಲೆಕ್ಕದ ಮನುಷ್ಯ, ಸುಮ್ನೆ ಬಿಡುವವನಲ್ಲ. ಚಂದ್ರ ದಿನಾ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತಾನೆ, ಅದಕ್ಕೆ ತಕ್ಕಂತೆ ಭರತಿಯೂ ಅಷ್ಟೇ ತಡ. ತಿಥಿ ದಿನಕ್ಕಿಂತ ಸ್ವಲ್ಪ ಗಿಡ್ಡ. ಹದಿನೈದು ತಿಥಿಯಲ್ಲಿ ಭರತಿ ಸರಿಯಾಗಿ ಹನ್ನೆರಡು ಗಂಟೆ ಜರುಗಿ ಮತ್ತೆ ಅದೇ ಹೊತ್ತಿಗೆ ಬರಬೇಕು. ಹಾಗಾದರೆ ಒಂದು ತಿಥಿಗೆ ನಲವತ್ತೆಂಟು ನಿಮಿಷ. ಮಾಮನ ಮುಕ್ಕಾಲಿನಲ್ಲಿ ಬರುವುದು ನಲವತ್ತೈದು. ತಿಥಿಗೆ ಮೂರು ನಿಮಿಷ ತಪ್ಪು! ಹಾಳೆಯಲ್ಲಿ ಬರೆದುಕೊಂಡು ಹೋಗಿ ತೋರಿಸಿದೆ. ಮಾಮ ಹಾಳೆ ನೋಡಲೇ ಇಲ್ಲ. "ಆ ಮೂರು ನಿಮಿಷ ಬೇಗ ಹೋಗಿ ಕೂತ್ಕೊಳ್ಳಿ" ಅಂದರು.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ನೀರು ಜೋರಾಗಿ ಏರುತ್ತದೆ, ಜೋರಾಗಿ ಇಳಿಯುತ್ತದೆ. ಅಷ್ಟಮಿ ನವಮಿಗೆ ನೀರು ಸತ್ತ ಹಾಗೆ ಇರುತ್ತದೆ. ನಾನು ಆ ಹನ್ನೊಂದು ದಿನ ಹೋಗುತ್ತಿದ್ದದ್ದು ಯಾವಾಗ ಗೊತ್ತಾ? ದಿನಾ ಬೆಳಗ್ಗೆ ಹತ್ತಕ್ಕೆ. ಕಚೇರಿ ಟೈಮಿಗೆ! ನೀರು ಏರಲಿ, ಇಳಿಯಲಿ, ಬಿಸಿಲು ನೆತ್ತಿ ಸುಡಲಿ, ಹತ್ತಕ್ಕೆ ಹಾಜರಿ. ಈಗ ನನ್ನ ಹೊತ್ತು ದಿನಾ ಮುಕ್ಕಾಲು ಗಂಟೆ ಜರುಗುತ್ತದೆ. ಏರುನೀರಿನ ಕೊನೆಯ ಎರಡು ತಾಸು, ಇಳಿನೀರಿನ ಮೊದಲ ಒಂದು ತಾಸು, ಅಷ್ಟೇ ನನ್ನ ಡ್ಯೂಟಿ. ಹುಣ್ಣಿಮೆಯ ಸುತ್ತಮುತ್ತ ಬೆಳಗ್ಗೆ ಐದರ ಹೊತ್ತಿಗೆ ನೀರು ತಳ ಮುಟ್ಟಿ ಏರಲು ಶುರುವಾಗುತ್ತದೆ. ಚಹಾ ಕುಡಿದು, ದೇವರಿಗೆ ಕೈಮುಗಿದು, ನಿಧಾನವಾಗಿ ಹೋದರೂ ಸಾಕು.

ಮಾಮ ನನ್ನ ಪ್ಲಾಸ್ಟಿಕ್ ಮೀನುಗಳ ಡಬ್ಬಿಯನ್ನು ಮೊಮ್ಮಗನಿಗೆ ಆಡಲು ಕೊಟ್ಟುಬಿಟ್ಟರು. ಅವರ ಸಾಮಾನು ಇಷ್ಟೇ: ಒಂದು ಮರದ ತುಂಡಿಗೆ ಸುತ್ತಿದ ತಂಗೂಸು, ಒಂದು ಸೀಸದ ಗುಂಡು, ಗುಂಡಿನ ಮೇಲೆ ಒಂದು ಗೇಣು ಬಿಟ್ಟು ಕಟ್ಟಿದ ಒಂದೋ ಎರಡೋ ಗಾಳ. ಎರೆಗೆ ಶೆಟ್ಲಿ. ಬೆಂಗಳೂರಿನವರು ಪ್ರಾನ್ಸ್ ಅನ್ನುತ್ತಾರಲ್ಲ, ಅದರ ಚಿಕ್ಕದು. ಶೆಟ್ಲಿಯ ತಲೆ ಮುರಿದು, ಬಾಲದ ಕಡೆಯಿಂದ ಗಾಳವನ್ನು ಒಳಗೆ ಹೊಗಿಸಿ, ಮೈಯ ಬಾಗಿಗೆ ಗಾಳದ ಬಾಗು ಸೇರುವ ಹಾಗೆ ತಿರುಗಿಸಿ, ತುದಿ ಮಾತ್ರ ಹೊಟ್ಟೆಯ ಹತ್ತಿರ ಇಣುಕಬೇಕು. ಹೇಳುವುದಕ್ಕೆ ಒಂದು ವಾಕ್ಯ. ನನಗೆ ಕಲಿಯಲು ಎರಡು ವಾರ ಹಿಡಿಯಿತು. ನನ್ನ ಶೆಟ್ಲಿ ಎಸೆಯುವಾಗಲೇ ಕಳಚಿ ಒಂದು ಕಡೆ, ಗಾಳ ಇನ್ನೊಂದು ಕಡೆ ಹೋಗುತ್ತಿತ್ತು.

ಆಮೇಲೆ ಬೆರಳು. ದಾರವನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಹಾಯಿಸಿ, ಹೆಬ್ಬೆರಳಿನಿಂದ ಹಗುರಾಗಿ ಒತ್ತಿ ಹಿಡಿಯಬೇಕು. ಅಲೆ ಎಳೆಯುವುದೇ ಬೇರೆ, ಏಡಿ ಕಚ್ಚುವುದೇ ಬೇರೆ, ಮೀನು ಮುಟ್ಟುವುದೇ ಬೇರೆ. ಅಲೆಯದು ಉದ್ದ ಎಳೆತ, ಬಂದು ಬಿಟ್ಟುಹೋಗುತ್ತದೆ. ಏಡಿ ಸಾಲ ವಸೂಲಿಗೆ ಬಂದವರ ಹಾಗೆ, ಹಿಡಿದು ಜಗ್ಗುತ್ತ ಒಂದೇ ಕಡೆ ಇರುತ್ತದೆ. ನೋಗ್ಲಿ ಮಾತ್ರ ಟಕ್ ಟಕ್ ಅಂತ ಎರಡೇ ಸಲ ತಟ್ಟುತ್ತದೆ. ಮಂಗಳೂರಿನವರ ಕಾಣೆ ನಮ್ಮ ಕಾರವಾರದಲ್ಲಿ ನೋಗ್ಲಿ. ಮೂರನೇ ತಟ್ಟಿಗೆ ಕಾದರೆ ಬರೀ ಗಾಳ. ಈ ಎರಡು ತಟ್ಟನ್ನು ಗುರುತಿಸುವಷ್ಟರಲ್ಲಿ ನನ್ನ ಬೆರಳಿನ ಗೆರೆ ಹೋಯಿತು ನೋಡಿ.

ಮೊದಲ ನೋಗ್ಲಿ ಒಂದು ಗೇಣೂ ಇರಲಿಲ್ಲ. ಮರಳಿನ ಬಣ್ಣದ ಮೈ, ಮೂಗು ಚೂಪು. ಮರಳಿನ ಮೇಲೆ ಇಟ್ಟರೆ ಕಾಣುತ್ತಲೇ ಇರಲಿಲ್ಲ, ಬೆಳ್ಳಿಯ ಹೊಟ್ಟೆ ಮೇಲಾದಾಗ ಮಾತ್ರ ಫಳಕ್ ಅನ್ನುತ್ತಿತ್ತು. ಮನೆಗೆ ಒಯ್ದೆ. ನನ್ನವಳು ಅದನ್ನೊಂದನ್ನೇ ರವೆ ಹಚ್ಚಿ ಹುರಿದು, ಎರಡು ತುಂಡು ಮಾಡಿ, ತಲೆಯ ಭಾಗ ನನಗೆ ಕೊಟ್ಟಳು.

ಯಾವ ಮೀನು ಎಲ್ಲಿ ಸಿಗುತ್ತದೆ ಅಂತ ಕೇಳಿದಿರಿ. ತೆರೆದ ಮರಳಿನ ದಂಡೆಯಲ್ಲಿ, ಅಂದರೆ ಟಾಗೋರ್ ತೀರದಲ್ಲಿ, ಮಾಜಾಳಿ ಕಡೆಯಲ್ಲಿ ನೋಗ್ಲಿ, ಒಮ್ಮೊಮ್ಮೆ ದೋಡಿ. ಕಾಳಿ ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಶೆವ್ಟೆ ಗುಂಪು ಗುಂಪಾಗಿ ಜಿಗಿಯುತ್ತದೆ, ಗಾಳಕ್ಕೆ ಮಾತ್ರ ಸುಲಭಕ್ಕೆ ಬೀಳುವುದಿಲ್ಲ. ಅದು ಬೀಸುಬಲೆಯವರ ಮೀನು. ಕಲ್ಲಿನ ಸಂದಿಯಲ್ಲಿ ತಾಂಬ್ಸೊ ಮರಿಗಳು. ಮತ್ತೆ ಎಲ್ಲರ ಕನಸಿನ ಚೊಣಕ.

ಚೊಣಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಸಿಹಿನೀರಿಗೂ ಹೋಗುತ್ತದೆ, ಉಪ್ಪುನೀರಿಗೂ ಬರುತ್ತದೆ. ಹುಟ್ಟಿ ಬೆಳೆಯುವಾಗ ಹೆಚ್ಚಿನವು ಗಂಡು. ಕೆಲವು ವರ್ಷ ಕಳೆದು, ಮೂರು ನಾಲ್ಕು ಕಿಲೋ ದಾಟಿದ ಮೇಲೆ ಅದೇ ಮೀನು ಹೆಣ್ಣಾಗುತ್ತದೆ! ಹಾಗಾಗಿ ಗಾಳಕ್ಕೆ ಎಂಟು ಕಿಲೋದ ಚೊಣಕ ಬಿತ್ತು ಅಂತ ಫೋಟೋ ತೆಗೆಸಿಕೊಂಡರೆ, ನೀವು ಹಿಡಿದದ್ದು ಮೊಟ್ಟೆ ಇಡುವ ತಾಯಿಯನ್ನು. ನನಗೆ ಒಂದೇ ಒಂದು ಸಲ ದೊಡ್ಡದು ಸಿಕ್ಕಿದ್ದು. ಕೈಯಲ್ಲಿ ಹಿಡಿದು ಐದು ನಿಮಿಷ ನಿಂತಿದ್ದೆ. ಬಿಟ್ಟೆನೋ ತಿಂದೆನೋ ಅಂತ ಕೇಳಬೇಡಿ. ಶಿರಸಿಯ ಹತ್ಮೀನಿನ ಬಾಕಿ ನನ್ನ ತಲೆಯ ಮೇಲೆ ಇನ್ನೂ ಇದೆ ಅಂತ ಮಾತ್ರ ಹೇಳುತ್ತೇನೆ.

ಮಳೆಗಾಲ ಬೇರೆಯೇ ಲೋಕ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೈತಖೋಲದ ಬಂದರಿನಲ್ಲಿ ಟ್ರಾಲರ್‌ಗಳೆಲ್ಲ ಒತ್ತಾಗಿ ಕಟ್ಟಿಕೊಂಡು ನಿಂತಿರುತ್ತವೆ. ಪೇಟೆಯಲ್ಲಿ ತಾಜಾ ಮೀನು ಕಮ್ಮಿ, ರೇಟು ಜಾಸ್ತಿ, ಒಣಮೀನಿಗೆ ಕಾಲ. ಆಗ ಮಾಮನಂಥವರು ಅಳಿವೆಯ ಅಂಚಿನಲ್ಲಿ ಬೀಸುಬಲೆ ಹಿಡಿದು ನಿಲ್ಲುತ್ತಿದ್ದರು. ಮೇಲೆ ಕದ್ರಾ ಅಣೆಕಟ್ಟಿನ ಗೇಟು ತೆಗೆದರೆ ಇಲ್ಲಿ ಕಾಳಿಯ ನೀರು ಕೆಂಪಗಾಗಿ, ಸಿಹಿನೀರು ಕಡಲಿನ ಉಪ್ಪುನೀರನ್ನು ಹೊರಗೆ ತಳ್ಳುತ್ತದೆ. ಮೀನು ಜಾಗ ಬದಲಿಸುತ್ತದೆ. ಜೊತೆಗೆ ಮರದ ಬೊಡ್ಡೆ, ಕಸ, ಪ್ಲಾಸ್ಟಿಕ್ ಎಲ್ಲ ತೇಲಿ ಬರುತ್ತದೆ. ನಾನು ಆ ದಿನಗಳಲ್ಲಿ ನೀರಿನ ಹತ್ತಿರ ಹೋಗುವುದಿಲ್ಲ. ಧೈರ್ಯ ತೋರಿಸುವ ವಯಸ್ಸೂ ಅಲ್ಲ, ಕಾಲೂ ಅಲ್ಲ.

ಇದೇ ಕಾಳಿಯ ಮೇಲಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತಲ್ಲ. ಒಂದು ಲಾರಿಯೂ ಜೊತೆಗೆ ಬಿತ್ತು. ಆ ಕತ್ತಲೆಯಲ್ಲಿ, ಮಳೆಗಾಲದ ಸೆಳೆತದಲ್ಲಿ, ಲಾರಿಯವನನ್ನು ಮೇಲೆತ್ತಲು ದೋಣಿ ಇಳಿಸಿದವರಲ್ಲಿ ಮೀನುಗಾರರೂ ಇದ್ದರು. ನಾವೆಲ್ಲ ಬೆಳಗ್ಗೆ ಹೋಗಿ ದಡದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದೆವು.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ವಿಷಯಕ್ಕೆ ಬರುತ್ತೇನೆ. ಅದಕ್ಕೆ ನನ್ನ ಮರ್ಯಾದೆ ಹೋದ ಕತೆ ಹೇಳಬೇಕು.

ಮೂರು ವರ್ಷದ ಹಿಂದೆ, ಡಿಸೆಂಬರ್. ಬೆಳಗ್ಗೆ ಏಳೂವರೆ. ಆಗಷ್ಟೇ ಕೈದಾರ ಪಳಗಿತ್ತು, ಆದರೂ ಆ ದಿನ ಹಳೇ ಜಂಬಕ್ಕೆ ರಾಡು ತೆಗೆದುಕೊಂಡು ಹೋಗಿದ್ದೆ. ಸ್ವಲ್ಪ ದೂರದಲ್ಲಿ ಏಂಡಿ ಬಲೆಯವರು ಬಂದಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲೆಯ ಒಂದು ಕಡೆಯ ಹಗ್ಗ ದಡದಲ್ಲೇ ಇರುತ್ತದೆ. ದೋಣಿಯವರು ಬಲೆಯನ್ನು ಬಿಡುತ್ತ ಬಿಡುತ್ತ ಅರ್ಧಚಂದ್ರದ ಹಾಗೆ ಸುತ್ತು ಹಾಕಿ, ಇನ್ನೊಂದು ಕಡೆಯ ಹಗ್ಗವನ್ನು ಸ್ವಲ್ಪ ಆಚೆ ದಡಕ್ಕೆ ತರುತ್ತಾರೆ. ಎರಡೂ ಕಡೆ ಜನ ನಿಂತು ಎಳೆಯುತ್ತಾರೆ. ಎಳೆಯುತ್ತ ಎಳೆಯುತ್ತ ಎರಡು ಸಾಲೂ ಹತ್ತಿರ ಬರುತ್ತದೆ.

ನಾನು ಆ ಕಡೆ ನೋಡಲೇ ಇಲ್ಲ. ಬೀಸಿ ಎಸೆದೆ. ಗುಂಡು ತಳ ಮುಟ್ಟಿತು. ಎರಡು ನಿಮಿಷಕ್ಕೆ ರಾಡು ಬಗ್ಗಿತು. ಬಗ್ಗಿತು ಅಂದರೆ ಎಂಥ ಬಗ್ಗುವುದು! ರೀಲು ಕಿರ್ರ್ ಅಂತ ಬಿಚ್ಚಿಕೊಳ್ಳತೊಡಗಿತು. ಜೀವಮಾನದ ಮೀನು. ನಾನು ಹಿಂದೆ ಹಿಂದೆ ನಡೆದೆ, ಸೊಂಟಕ್ಕೆ ಆನಿಸಿ ಎಳೆದೆ, ಬಿಟ್ಟೆ, ಎಳೆದೆ. "ಸಿಕ್ತು! ಸಿಕ್ತು!" ಅಂತ ಕೂಗಿದೆ. ವಾಕಿಂಗ್ ಬಂದವರೆಲ್ಲ ನಿಂತರು. ಒಬ್ಬರು ವಿಡಿಯೋ ಮಾಡತೊಡಗಿದರು. ಮೀನು ನಿಧಾನಕ್ಕೆ ಬಡಗಲ ಕಡೆ ಹೋಗುತ್ತಿತ್ತು, ಒಂದೇ ಸಮನೆ, ಸುಸ್ತೇ ಇಲ್ಲ. ಹತ್ತು ನಿಮಿಷ ಹೋರಾಡಿದೆ.

ಹಗ್ಗದ ಸಾಲಿನ ಕಡೆಯಿಂದ ಬುಟ್ಟಿ ಹಿಡಿದುಕೊಂಡ ಒಬ್ಬ ಬಾಯಿ, ಅಂದರೆ ಮೀನು ಮಾರುವ ಹೆಂಗಸು, ನನ್ನ ಹತ್ತಿರ ಬಂದಳು. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು.

"ಸಾಹೇಬ್ರೆ, ಬಿಟ್ಬಿಡಿ. ನಿಮ್ಮ ಮೀನನ್ನು ಆ ಕಡೆಯಿಂದ ಇಪ್ಪತ್ತು ಜನ ಎಳೀತಾ ಇದಾರೆ."

ನನ್ನ ಗಾಳ ಬಲೆಯ ರೆಕ್ಕೆಗೆ ಸಿಕ್ಕಿಕೊಂಡಿತ್ತು.

ದಾರ ಕತ್ತರಿಸಿದೆ. ಆದರೆ ಅಷ್ಟರಲ್ಲಿ ಬಲೆ ಹರಿದಾಗಿತ್ತು. ಬಲೆ ದಡಕ್ಕೆ ಬಂದಾಗ ನೋಡಿದೆ, ಅಂಗೈ ಅಗಲದ ತೂತು. ಬೈಯುತ್ತಾರೆ ಅಂದುಕೊಂಡೆ. ಯಾರೂ ಬೈಯಲಿಲ್ಲ. ಒಬ್ಬ ಸೊಂಟದಿಂದ ಬಲೆಯ ಸೂಜಿ ತೆಗೆದು ಮರಳಲ್ಲೇ ಕೂತು ಹೆಣೆಯತೊಡಗಿದ. ನಾನು ಐನೂರರ ನೋಟು ಚಾಚಿದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ, ಗುರುತು ಹಿಡಿದ.

"ನೀವು ಆ ಆಫೀಸಲ್ಲಿ ಇದ್ರಲ್ಲ? ನಾಲ್ಕು ಸಲ ಬಂದಿದ್ದೆ ನಾನು, ಒಂದು ಕಾಗದಕ್ಕೆ. ನಾಳೆ ಬಾ ಅಂದಿದ್ರಿ."

ಯಾವ ಇಲಾಖೆ ಅಂತ ನಾನು ಹೇಳುವುದಿಲ್ಲ, ಇಲ್ಲಿರುವ ಕೆಲವರಿಗೆ ಗೊತ್ತು. ನನಗೆ ಅವನ ಮುಖ ನೆನಪಿರಲಿಲ್ಲ. ಅದೇ ಜಾಸ್ತಿ ನಾಚಿಕೆ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಹವಾಮಾನ ಹೇಳುವ ಹಾಗೆ ಹೇಳಿದ. "ದುಡ್ಡು ಬೇಡ. ಮುಂದಿನ ಸುತ್ತಿಗೆ ಹಗ್ಗ ಹಿಡೀರಿ, ಜನ ಕಮ್ಮಿ ಇದಾರೆ."

ಹಿಡಿದೆ. ಉಪ್ಪುನೀರಿನಲ್ಲಿ ನೆನೆದ ಹಗ್ಗ ಅಂಗೈಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಕೈಯಿಂದ ಎಳೆಯಬಾರದು, ಹಿಮ್ಮಡಿಯನ್ನು ಮರಳಿಗೆ ಊರಿ ಮೈಭಾರ ಹಿಂದಕ್ಕೆ ಬಿಡಬೇಕು ಅಂತ ಪಕ್ಕದ ಹುಡುಗ ಕಲಿಸಿದ. ಮುಕ್ಕಾಲು ಗಂಟೆ. ಬಂದದ್ದು ಎರಡು ಬುಟ್ಟಿ ತಾರ್ಲಿ, ಒಂದಿಷ್ಟು ಬಂಗುಡೆ, ಉಳಿದದ್ದು ಲೋಳೆ. ಇಪ್ಪತ್ತು ಜನರಿಗೆ ಅಷ್ಟೇ. ಪಾಲು ಹಾಕುವಾಗ ಹಗ್ಗ ಹಿಡಿದ ತಪ್ಪಿಗೆ ನನಗೂ ನಾಲ್ಕು ಬಂಗುಡೆ ಇಟ್ಟರು. ಬೇಡ ಅಂದೆ. ಬೇಡ ಅನ್ನಬಾರದಂತೆ.

ಮನೆಯಲ್ಲಿ ನನ್ನವಳು ಜುಮ್ಮನಕಾಯಿ ಹಾಕಿ ಸಾರು ಮಾಡಿದಳು. "ಗಾಳಕ್ಕೆ ಬಂಗುಡೆ ಬಿತ್ತಾ?" ಅಂತ ಕೇಳಿದಳು. "ನಾನೇ ಬಿದ್ದೆ" ಅಂದೆ.

ಆವತ್ತು ಸಂಜೆ ಮಾಮನ ಜಗಲಿಯಲ್ಲಿ ಕೂತು ರಂಪಣಿಯ ಕತೆ ಕೇಳಿದೆ. ರಂಪಣಿ ಅಂದರೆ ಏಂಡಿಯ ಅಪ್ಪ. ಅರ್ಧ ಕಿಲೋಮೀಟರಿಗೂ ಉದ್ದದ ಬಲೆ. ಒಂದು ಬಲೆಗೆ ಊರಿಗೆ ಊರೇ ಬೇಕು. ಮಳೆಗಾಲ ಮುಗಿದು ಬಂಗುಡೆಯ ಹಿಂಡು ದಡದ ಹತ್ತಿರ ಬಂದರೆ ನೀರಿನ ಬಣ್ಣವೇ ಬೇರೆಯಾಗುತ್ತಿತ್ತಂತೆ. ಎತ್ತರದಲ್ಲಿ ಕೂತವನು ಅದನ್ನು ನೋಡಿ ಕೂಗು ಹಾಕಿದರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದರಂತೆ. ಪಾಲು ಹಾಕುವಾಗ ಬಲೆಗೊಂದು, ದೋಣಿಗೊಂದು, ಆಳಿಗೊಂದು. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಬರುವ ಮೊದಲೇ ಹಿಂಡನ್ನು ಕಡಲಲ್ಲೇ ಸುತ್ತುಗಟ್ಟಿ ಎತ್ತುವ ಬಲೆ. ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಮಾಮ ಯಾರನ್ನೂ ದೂರಲಿಲ್ಲ. "ನಾನೂ ಆಮೇಲೆ ಅದೇ ದೋಣಿಗೆ ಹೋದೆ, ಹೊಟ್ಟೆ ಇದೆಯಲ್ಲ" ಅಂದರು.

ದಡವೂ ಮೊದಲಿನಷ್ಟು ಉಳಿದಿಲ್ಲ. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಹಾಕಿದರು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಬಿಣಗಾ, ಅರ್ಗಾ ಕಡೆಯ ಎಷ್ಟೋ ದಂಡೆಗಳು ಬೇಲಿಯೊಳಗೆ ಹೋದವು, ಎಷ್ಟೋ ಊರಿನವರು ಮನೆ ಬಿಟ್ಟು ಎದ್ದುಹೋದರು. ದೇಶಕ್ಕೆ ಬೇಕು, ಸರಿ. ಆದರೆ ಎದ್ದುಹೋದವರಿಗೆ ಸಿಕ್ಕ ಸೈಟಿನಲ್ಲಿ ಕಡಲು ಇರಲಿಲ್ಲ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕೆಲಸ ಟಾಗೋರ್ ತೀರದ ಹತ್ತಿರ ಶುರುವಾದಾಗ ಮೀನುಗಾರರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಆಗ ನಾನು, ಛೆ, ಟ್ರಾಫಿಕ್ ಜಾಮ್ ಅಂತ ಗೊಣಗಿದ್ದೆ. ಪೇಟೆ ಪಕ್ಕದಲ್ಲಿ ಅವರಿಗೆ ಉಳಿದದ್ದು ಅದೊಂದೇ ಉದ್ದನೆಯ ಮರಳು ಅಂತ ಹೊಳೆಯಲೇ ಇಲ್ಲ.

ನಮಗೆ ಅದು ವಾಕಿಂಗ್ ಜಾಗ. ಟಾಗೋರರ ಹೆಸರಿನ ತೀರ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ಇಪ್ಪತ್ತೆರಡರ ಹುಡುಗ ರವೀಂದ್ರ ಅಣ್ಣನ ಮನೆಗೆ ಬಂದು ಉಳಿದಿದ್ದರು. ಅವರು ಕಾಳಿಯಲ್ಲಿ ದೋಣಿ ವಿಹಾರ ಮಾಡಿದ್ದನ್ನು ಎಲ್ಲ ಭಾಷಣದಲ್ಲೂ ಹೇಳುತ್ತೇವೆ. ದೋಣಿ ನಡೆಸಿದವರು ಯಾರು ಅಂತ ಯಾರೂ ಹೇಳುವುದಿಲ್ಲ.

ಬಲೆ ಹರಿದ ದಿನದಿಂದ ನನ್ನ ಗಾಳಕ್ಕೆ ನಾನೇ ಕೆಲವು ಷರತ್ತು ಹಾಕಿಕೊಂಡಿದ್ದೇನೆ. ಯಾರಿಗೂ ಉಪದೇಶ ಅಲ್ಲ. ಬಲೆಯವರು ದಂಡೆಗೆ ಬಂದರೆ ನಾನು ದಾರ ಸುತ್ತಿ ಎದ್ದುಬಿಡುತ್ತೇನೆ, ಅದು ಅವರ ಕಚೇರಿ. ಜನ ಕಮ್ಮಿ ಇದ್ದರೆ ಹಗ್ಗ ಹಿಡಿಯುತ್ತೇನೆ, ಹಿಡಿಯುವಷ್ಟು ದಿನ. ಮೀನು ಎಷ್ಟೇ ಬೀಳಲಿ, ಮಾರುವುದಿಲ್ಲ. ಒಂದು ಸಲ ಹೋಟೆಲಿನವರೊಬ್ಬರು ನೋಗ್ಲಿಗೆ ಒಳ್ಳೆ ರೇಟು ಹೇಳಿದರು, ಆಸೆಯೂ ಆಯಿತು. ಆದರೆ ನನಗೆ ತಿಂಗಳ ಒಂದನೇ ತಾರೀಕಿಗೆ ಪಿಂಚಣಿ ಬರುತ್ತದೆ. ಬುಟ್ಟಿ ಹೊತ್ತ ಬಾಯಿಗೆ ಬರುವುದಿಲ್ಲ. ಇಬ್ಬರೂ ಒಂದೇ ಗಿರಾಕಿಯ ಮುಂದೆ ನಿಲ್ಲುವುದು ಸರಿಯಲ್ಲ ಅನ್ನಿಸಿತು. ಮತ್ತೆ, ಗಾಳಕ್ಕೆ ಮೀನು ಬಿದ್ದ ದಿನವೂ ಅವಳ ಹತ್ತಿರ ಒಂದು ಪಾಲು ಕೊಳ್ಳುತ್ತೇನೆ. ನನ್ನವಳಿಗೆ ಇದು ಅಷ್ಟು ಇಷ್ಟವಿಲ್ಲ. "ಇಷ್ಟು ಮೀನು ತಿನ್ನುವವರು ಯಾರು?" ಅನ್ನುತ್ತಾಳೆ. ಫ್ರಿಜ್ಜಿನಲ್ಲಿ ಹಾಲಿಗೆ ಜಾಗ ಇಲ್ಲ ಅನ್ನುವುದೂ ನಿಜ.

ಇನ್ನೊಂದು, ತುಂಡಾದ ತಂಗೂಸನ್ನು ದಂಡೆಯಲ್ಲಿ ಬಿಡುವುದಿಲ್ಲ. ಅದು ಕೊಳೆಯುವ ವಸ್ತುವಲ್ಲ. ಚಳಿಗಾಲದಲ್ಲಿ ನಮ್ಮ ಈ ಮರಳಿಗೇ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. ಒಂದು ಸಲ ಕಾಲಿಗೆ ದಾರ ಸುತ್ತಿಕೊಂಡು ಕುಂಟುತ್ತಿದ್ದ ಕಾಗೆಯನ್ನು ಟವೆಲ್ ಹಾಕಿ ಹಿಡಿದು ಬಿಡಿಸಿದೆ. ಗಂಟು ನೋಡಿದರೆ, ನಾನು ಹಾಕುವ ಗಂಟೇ. ನನ್ನದೇ ದಾರ ಅಂತ ಹೇಳಲು ಬರುವುದಿಲ್ಲ, ಮಾಮ ಕಲಿಸಿದವರೆಲ್ಲ ಅದೇ ಗಂಟು ಹಾಕುತ್ತಾರೆ. ಆದರೂ ಆ ಕಾಗೆ ನನ್ನನ್ನು ನೋಡಿದ ರೀತಿ!

ಆರೋಗ್ಯದ ಬಗ್ಗೆ ಹೇಳಿ ಅಂತ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಬಿಪಿ ಮಾತ್ರೆ ಮೊದಲಿನ ಹಾಗೇ ನಡೆದಿದೆ, ಗಾಳದಿಂದ ನಿಂತಿಲ್ಲ. ಮೊಣಕಾಲು ನೋವು ಜಾಸ್ತಿಯೇ ಆಗಿದೆ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಟೋಪಿ ಬೇಕು, ನೀರಿನ ಬಾಟಲಿ ಬೇಕು, ಪಾಚಿಗಟ್ಟಿದ ಕಲ್ಲಿನ ಮೇಲೆ ಒಬ್ಬರೇ ಹೋಗಬಾರದು. ಕಡಲಿಗೆ ಬೆನ್ನು ಕೊಟ್ಟು ನಿಲ್ಲಬಾರದು. ಮೀಸೆ ಮೀನು ಬಿದ್ದರೆ ಕೈ ಹಾಕಬೇಡಿ. ಅದರ ಬೆನ್ನಲ್ಲಿ ಒಂದು, ಪಕ್ಕಗಳಲ್ಲಿ ಎರಡು ಗರಗಸದಂಥ ಮುಳ್ಳು ಇದೆ, ವಿಷ ಇದೆ. ನನಗೆ ಚುಚ್ಚಿದಾಗ ಮೊಣಕೈವರೆಗೆ ಸಿಡಿತ ಬಂದು ಕಣ್ಣಲ್ಲಿ ನೀರು ಇಳಿಯಿತು. ಐಸ್ ಇಡಲು ಓಡಿದೆ. ಮಾಮನ ಸೊಸೆ ತಡೆದು, ತಡೆದುಕೊಳ್ಳುವಷ್ಟು ಬಿಸಿ ಇರುವ ನೀರಿನ ಪಾತ್ರೆಯಲ್ಲಿ ಕೈ ಅದ್ದಿಸಿದಳು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಆ ವಿಷ ಶಾಖಕ್ಕೆ ಕೆಡುತ್ತದೆ ಅಂತ ಆಮೇಲೆ ಡಾಕ್ಟರೂ ಹೇಳಿದರು, ಟಿಟಿ ಚುಚ್ಚಿದರು.

ಮೀನು ಎಷ್ಟು ಸಿಗುತ್ತದೆ ಅಂತ ಕೇಳಿದವರು ಯಾರು? ನೀವಾ? ನಾನು ಲೆಕ್ಕದ ಮನುಷ್ಯ ಅಂದೆನಲ್ಲ, ಪುಸ್ತಕ ಇಟ್ಟಿದ್ದೇನೆ. ಹೋದ ತಿಂಗಳು ಹತ್ತೊಂಬತ್ತು ದಿನ ಹೋಗಿದ್ದೆ. ಎಂಟು ದಿನ ಖಾಲಿ. ಉಳಿದ ದಿನ ಎಲ್ಲ ಸೇರಿ ನೋಗ್ಲಿ ಇಪ್ಪತ್ತಮೂರು, ದೋಡಿ ನಾಲ್ಕು, ಮರಿಯೆಂದು ವಾಪಸು ಬಿಟ್ಟದ್ದು ಹದಿನಾರು, ಏಡಿ ಕತ್ತರಿಸಿದ ಗಾಳ ಒಂಬತ್ತು.

ಮಾಮನಿಗೆ ಈಗ ಕಣ್ಣು ಮಂಜು. ಕ್ಯಾಲೆಂಡರಿನ ಸಣ್ಣ ಅಕ್ಷರ ಕಾಣುವುದಿಲ್ಲ. ದಂಡೆಗೂ ಬರುವುದಿಲ್ಲ. ಬೆಳಗ್ಗೆ ನಾನು ಗೇಟು ತೆಗೆದ ಸದ್ದು ಕೇಳಿದರೆ ಜಗಲಿಯಿಂದಲೇ ಕೂಗುತ್ತಾರೆ, "ಯಾವ ತಿಥಿ?" ನಾನು ಹೇಳುತ್ತೇನೆ. ಗಂಟೆಯನ್ನು ಅವರು ಹೇಳುತ್ತಾರೆ. ಒಮ್ಮೊಮ್ಮೆ ಬೇಕಂತಲೇ ತಪ್ಪು ತಿಥಿ ಹೇಳಿ ನೋಡಿದ್ದೇನೆ. ಅಲೆಯ ಸದ್ದು ಕೇಳಿ ಹಿಡಿದುಬಿಡುತ್ತಾರೆ.

ನಾಳೆ ದ್ವಾದಶಿ. ಹನ್ನೆರಡು ಮುಕ್ಕಾಲು ಒಂಬತ್ತು. ಆಸಕ್ತಿ ಇದ್ದವರು ಆರೂವರೆಗೆ ಕೋಡಿಬಾಗದ ದಂಡೆಗೆ ಬನ್ನಿ. ರಾಡು ಗೀಡು ತರಬೇಡಿ, ನನ್ನ ಹತ್ತಿರ ಎರಡು ಕೈದಾರ ಜಾಸ್ತಿ ಇವೆ. ಶೆಟ್ಲಿ ಮಾತ್ರ ದಾರಿಯಲ್ಲಿ ಬಾಯಿಯ ಹತ್ತಿರ ಕೊಂಡು ತನ್ನಿ. ಚೌಕಾಸಿ ಮಾಡಬೇಡಿ, ನಾನು ಕಳಿಸಿದ್ದು ಅಂತ ಅವಳಿಗೆ ಗೊತ್ತಾಗುತ್ತದೆ.